ಅವಧಿ ಮುಗಿಯುವ ಕಾಗದಕ್ಕೆ ಮೊದಲು ದುಡ್ಡು ಕಟ್ಟಬೇಡಿ

ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಕಲಿಸಬೇಕೆಂದು ಹೊರಟಾಗ ಸೆಲ್ಟಾ ಎಂಬ ಶಿಕ್ಷಕ ತರಬೇತಿ ಕೋರ್ಸಿಗೆ ನಾನು ಕಟ್ಟಿದ್ದು 1,60,000 ರೂಪಾಯಿ. ಆಗ ಗೋವಾದ ವಾಸ್ಕೋದಲ್ಲಿ ಖಾಸಗಿ ಶಾಲೆಯೊಂದರಲ್ಲಿ ನನ್ನ ಸಂಬಳ ತಿಂಗಳಿಗೆ 24,000. ಎಫ್‌ಡಿ ಮುರಿಸದೆ ಬೇರೆ ದಾರಿ ಇರಲಿಲ್ಲ. ಬಂದರಿನಲ್ಲಿ ದುಡಿಯುವಾಗ ಅಪ್ಪ ದಿನಾ ಕಟ್ಟಿದ ಪಿಗ್ಮಿ, ಅವ್ವ ಎತ್ತಿದ ಭಿಶಿ ಚೀಟಿ, ಎರಡೂ ಸೇರಿ ಆಗಿದ್ದ ಎಫ್‌ಡಿ ಅದು. ಹನ್ನೆರಡು ಸಾವಿರಕ್ಕೆ ಮನೆಯಲ್ಲೇ ಕೂತು ಆನ್‌ಲೈನ್ ಟೆಫ್ಲ್ ಸರ್ಟಿಫಿಕೇಟ್ ಪಡೆಯಬಹುದಾಗಿರುವಾಗ ಇಷ್ಟೊಂದು ಯಾಕೆ ಎಂದು ಮನೆಯವರೂ ಕೇಳಿದರು, ಸಹೋದ್ಯೋಗಿಗಳೂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಬೈನಾ, ಜುವಾರಿನಗರ, ಮಡಗಾಂವ್ ಕಡೆಯ ಕನ್ನಡದ ಮನೆಗಳ ಮಕ್ಕಳು ಈಗ ಅದೇ ಪ್ರಶ್ನೆ ಹಿಡಿದು ನನ್ನ ಹತ್ತಿರ ಬರುತ್ತಿದ್ದಾರೆ. ಬರುವ ಹೊತ್ತಿಗೆ ಹಲವರು ಆಗಲೇ ದುಡ್ಡು ಕಟ್ಟಿರುತ್ತಾರೆ, ಅದೂ ಕೊನೆಗೆ ಕಟ್ಟಬೇಕಾದಲ್ಲಿ ಮೊದಲು. ಆದ್ದರಿಂದ ನನ್ನ ಲೆಕ್ಕವನ್ನು ಪೂರ್ತಿ ಬಿಡಿಸಿಡುತ್ತೇನೆ.

ಮೊದಲು ಖರ್ಚಿನ ಕಡೆ. ಶುಲ್ಕ 1,60,000. ಪೂರ್ಣಾವಧಿ ಕೋರ್ಸೆಂದರೆ ನಾಲ್ಕೈದು ವಾರ. ಪರ ಊರಿನಲ್ಲಿ ಕೋಣೆ, ಊಟ, ಓಡಾಟಕ್ಕೆ 28,000. ಆ ತಿಂಗಳು ಶಾಲೆಯಿಂದ ಸಂಬಳವಿಲ್ಲದ ರಜೆ, ಅಂದರೆ 24,000 ಕೈಬಿಟ್ಟಿತು. ಇಲ್ಲಿಗೆ 2,12,000. ಮುರಿದ ಎಫ್‌ಡಿಗೆ ಶೇ 6.5 ಬರುತ್ತಿತ್ತು, 1,60,000ಕ್ಕೆ ವರ್ಷಕ್ಕೆ 10,400, ಚಕ್ರಬಡ್ಡಿ ಬಿಟ್ಟರೂ ಎರಡು ವರ್ಷಕ್ಕೆ 20,800. ಒಟ್ಟು 2,32,800. ಆನ್‌ಲೈನ್ ಸರ್ಟಿಫಿಕೇಟಿಗೆ ಹೇಗೂ ಹೋಗುತ್ತಿದ್ದ 12,000 ಕಳೆಯಿರಿ. ನನ್ನ ಆಯ್ಕೆಗೆ ನಾನು ತೆತ್ತ ಹೆಚ್ಚುವರಿ ಬೆಲೆ 2,20,800 ರೂಪಾಯಿ. ಬರೀ ಶುಲ್ಕವನ್ನು ನೋಡಿ ಲೆಕ್ಕ ಹಾಕಿದ್ದರೆ ಇದರಲ್ಲಿ ಅರವತ್ತು ಸಾವಿರದಷ್ಟು ಕಣ್ಣಿಗೇ ಬೀಳುತ್ತಿರಲಿಲ್ಲ.

ಇನ್ನು ಆದಾಯದ ಕಡೆ. ನಖೋನ್ ರಾಚಸೀಮಾ ಪ್ರಾಂತದ ಶಾಲೆಯೊಂದು ನನಗೆ ತಿಂಗಳಿಗೆ 30,000 ಬಾತ್ ಕೊಟ್ಟಿತು. ಅದೇ ವರ್ಷ ಭಾರತದ ಪಾಸ್‌ಪೋರ್ಟ್ ಮತ್ತು ಆನ್‌ಲೈನ್ ಸರ್ಟಿಫಿಕೇಟ್ ಹಿಡಿದು ಬಂದ ನನ್ನ ಪರಿಚಯದವರಿಗೆ ಸಿಕ್ಕಿದ್ದು 22,000. ವ್ಯತ್ಯಾಸ 8,000 ಬಾತ್. ಆಗಿನ ದರ 2.40ರಂತೆ 19,200 ರೂಪಾಯಿ. 2,20,800ನ್ನು 19,200ರಿಂದ ಭಾಗಿಸಿದರೆ ಹನ್ನೊಂದೂವರೆ ತಿಂಗಳು.

ಆದರೆ ಥಾಯ್ಲೆಂಡಿನ ಶಾಲಾ ವರ್ಷ ಮೇ ಮಧ್ಯದಲ್ಲಿ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತದೆ. ನನ್ನ ಒಪ್ಪಂದ ಹತ್ತು ತಿಂಗಳಿನದು, ಬೇಸಿಗೆಗೆ ಸಂಬಳವಿಲ್ಲ. ಮೊದಲ ವರ್ಷದ ಕೊನೆಗೆ 1,92,000 ಮರಳಿತ್ತು. 28,800 ಇನ್ನೂ ಬಾಕಿ. ಎರಡನೇ ವರ್ಷಕ್ಕೆ ಒಪ್ಪಂದ ಮುಂದುವರಿದು, ಅದರ ಎರಡನೇ ತಿಂಗಳಲ್ಲಿ ಅಸಲು ಗೂಡು ಸೇರಿತು. ಆ ವರ್ಷ ಮುಗಿದಾಗ ಕೈಯಲ್ಲಿ ಉಳಿದ ಹೆಚ್ಚುವರಿ 1,63,200. ಒಂದೇ ವರ್ಷಕ್ಕೆ ವಾಪಸು ಬಂದಿದ್ದರೆ ನಷ್ಟವೇ. ಹಾಗಾಗಿ ಒಂದು ವರ್ಷ ಲೋಕ ನೋಡಿ ಬರುತ್ತೇನೆ ಎನ್ನುವವರಿಗೆ ನಾನು ಸೆಲ್ಟಾ ಹೇಳುವುದಿಲ್ಲ. ಕಲಿಸುವುದನ್ನೇ ಕಸುಬಾಗಿ ಹಿಡಿಯುವವರಿಗೆ ಮಾತ್ರ ಹೇಳುತ್ತೇನೆ, ಒತ್ತಿ ಹೇಳುತ್ತೇನೆ.

ಸಂಬಳದ ಆ ವ್ಯತ್ಯಾಸ ಬಂದದ್ದು ಎಲ್ಲಿಂದ? ಸೆಲ್ಟಾದಲ್ಲಿ ಕನಿಷ್ಠ 120 ಗಂಟೆಗಳ ತರಬೇತಿ ಇರುತ್ತದೆ; ಅದರಲ್ಲಿ ಆರು ಗಂಟೆ ನಿಜವಾದ ಕಲಿಯುವವರ ಮುಂದೆ ನಿಂತು ಪಾಠ ಮಾಡಬೇಕು. ತರಬೇತುದಾರರು ತರಗತಿಯ ಹಿಂದೆ ಕೂತು ನಿಮ್ಮ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಾರೆ. ಗೋವಾದ ತರಗತಿಯಲ್ಲಿ ನಲವತ್ತು ನಿಮಿಷವೂ ನಾನೇ ಮಾತಾಡಿ ಅಭ್ಯಾಸವಾಗಿದ್ದ ನನಗೆ, ಮಕ್ಕಳ ಬಾಯಿಯಿಂದ ಮಾತು ಹೊರಡಿಸುವುದನ್ನು ಕಲಿಸಿದ್ದು ಆ ಆರು ಗಂಟೆಗಳು. ಮರಳಿ ಬಂದ ಮೇಲೂ ನಾನು ಉಣ್ಣುತ್ತಿರುವುದು ಅದೇ ವಿದ್ಯೆಯ ಅನ್ನ. ಆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ದಿನಾಂಕವೇ ಇಲ್ಲ.

ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಅಂಕಪಟ್ಟಿಗೆ ಆ ದಿನಾಂಕ ಇದೆ. ಅದನ್ನು ಒಪ್ಪಿಕೊಳ್ಳುವುದು ಸಾಮಾನ್ಯವಾಗಿ ಎರಡೇ ವರ್ಷ. 2025ರಲ್ಲಿ ಪರೀಕ್ಷೆಯ ಶುಲ್ಕ ಸುಮಾರು 18,000 ರೂಪಾಯಿ ಇತ್ತು. ಇಪ್ಪತ್ನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ 750. ಜೂನ್‌ನಲ್ಲಿ ಪರೀಕ್ಷೆ ಬರೆದು ಮುಂದಿನ ಮಾರ್ಚ್‌ನ ನೇಮಕಾತಿಗೆ ಕಾದು ಕೂತರೆ 6,750 ರೂಪಾಯಿ ಕರಗಿತು. ಬ್ರಿಟಿಷ್ ಕೌನ್ಸಿಲ್ ಭಾರತದಲ್ಲಿ ನಡೆಸುತ್ತಿದ್ದ ಐಇಎಲ್‌ಟಿಎಸ್ ವ್ಯವಹಾರವನ್ನು 2021ರಲ್ಲಿ ಐಡಿಪಿ ಕೊಂಡುಕೊಂಡಿತು. ಅಂದಿನಿಂದ ಈ ಪರೀಕ್ಷೆಗೆ ಇಲ್ಲಿ ಒಂದೇ ಅಂಗಡಿ, ಶುಲ್ಕದಲ್ಲಿ ಚೌಕಾಸಿಗೆ ಜಾಗವಿಲ್ಲ. ನಮ್ಮ ಕೈಯಲ್ಲಿ ಇರುವುದು ಯಾವಾಗ ಬರೆಯಬೇಕು ಎಂಬ ತೀರ್ಮಾನ ಒಂದೇ.

ಕಾಗದಪತ್ರಕ್ಕೆ ತಗಲುವ ಕಾಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೋವಾದಲ್ಲಿ ವಾಸವಿದ್ದರೂ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದಾದರೆ ರಾಜ್ಯ ಮಟ್ಟದ ದೃಢೀಕರಣಕ್ಕೆ ಹೋಗಬೇಕಾದದ್ದು ಕರ್ನಾಟಕಕ್ಕೆ. ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಹೋಗುವ ದೇಶದ ದೂತಾವಾಸ, ನಡುವೆ ಪೊಲೀಸ್ ಕ್ಲಿಯರೆನ್ಸ್. ಇದೆಲ್ಲ ಮುಗಿಸಿ, ಅರ್ಜಿ ಹಾಕುವ ತಿಂಗಳು ಗೊತ್ತಾದ ಮೇಲೆ ಪರೀಕ್ಷೆಗೆ ದುಡ್ಡು ಕಟ್ಟಿ. ಅಂಕದ ಲೆಕ್ಕವನ್ನೂ ತಿಳಿದಿರಿ: ನಾಲ್ಕು ವಿಭಾಗಗಳ ಸರಾಸರಿ 6.25 ಬಂದರೆ ಅದು 6.5 ಆಗುತ್ತದೆ, 6.75 ಬಂದರೆ 7. ಒಂದೇ ವಿಭಾಗದಲ್ಲಿ ಅರ್ಧ ಬ್ಯಾಂಡ್ ಕಡಿಮೆಯಾದರೆ ಕಂಪ್ಯೂಟರಿನಲ್ಲಿ ಬರೆದವರು 60 ದಿನಗಳೊಳಗೆ ಆ ಒಂದನ್ನೇ ಮತ್ತೆ ಬರೆಯಬಹುದು. ಅಂಥ ಅಂಕಪಟ್ಟಿಯನ್ನು ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಇಷ್ಟಕ್ಕೂ ಮೊದಲಿನದು ಪಾಸ್‌ಪೋರ್ಟ್ ಪ್ರಶ್ನೆ. ಗೋವಾದಲ್ಲಿ ಇದ್ದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗೋವಾ ವಿಮೋಚನೆಯಾದ 1961ರ ಡಿಸೆಂಬರ್ 19ಕ್ಕೆ ಮೊದಲು ಇಲ್ಲಿ ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಪೋರ್ಚುಗಲ್‌ನಲ್ಲಿ ಜನನ ನೋಂದಣಿ ಮಾಡಿಸಿ ಅಲ್ಲಿನ ಪಾಸ್‌ಪೋರ್ಟ್ ಪಡೆಯುತ್ತಾರೆ. 2020ರ ಕೊನೆಯವರೆಗೆ ಅದನ್ನು ಹಿಡಿದು ಇಂಗ್ಲೆಂಡಿನ ಸ್ವಿಂಡನ್‌ಗೆ ಹೋದವರಿಗೆ ಇಂಗ್ಲಿಷ್ ಪರೀಕ್ಷೆಯ ಗೊಡವೆಯೇ ಇರಲಿಲ್ಲ. ಗದಗ, ಬಾಗಲಕೋಟೆ, ವಿಜಯಪುರ, ಹಾವೇರಿಯಿಂದ ಬಂದ ನಮ್ಮ ಮನೆಗಳಿಗೆ ಆ ಬಾಗಿಲು ಇಲ್ಲ. ಆದರೆ ಇಂಗ್ಲಿಷ್ ಕಲಿಸುವ ಕೆಲಸದಲ್ಲಿ ಪೋರ್ಚುಗಲ್‌ನ ಪಾಸ್‌ಪೋರ್ಟೂ ಎಲ್ಲ ಕಡೆ ನಡೆಯದು. ದಕ್ಷಿಣ ಕೊರಿಯಾದ ಇ-2 ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ ಮೀಸಲು. 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಿಂದ ಭಾರತದವರಿಗೆ ಒಂದು ಕಿರುದಾರಿ ಉಂಟು: ಬೋಧನಾ ಪರವಾನಗಿ ಇದ್ದರೆ ಸಹಾಯಕ ಶಿಕ್ಷಕರಾಗಬಹುದು. ಉಳಿದಂತೆ ಒಂಬತ್ತಕ್ಕೆ ಒಂಬತ್ತು ಬ್ಯಾಂಡ್ ಬಂದರೂ ಆ ಪಟ್ಟಿಗೆ ನಮ್ಮ ಹೆಸರು ಸೇರುವುದಿಲ್ಲ. ಕೊರಿಯಾ ಎಂದು ನಂಬಿ ಐಇಎಲ್‌ಟಿಎಸ್ ಕೋಚಿಂಗ್‌ಗೆ ಮೂವತ್ತು ಸಾವಿರ ಕಟ್ಟಿದ ಹುಡುಗಿಗೆ ಈ ಮಾತನ್ನು ನಾನೇ ಹೇಳಬೇಕಾಯಿತು. ಅವಳಿಂದ ದುಡ್ಡು ತೆಗೆದುಕೊಂಡವರು ಮೊದಲ ದಿನವೇ ಹೇಳಬೇಕಿತ್ತು.

ಈಗ ಪ್ಯಾಕೇಜಿನ ವಿಷಯ. ಐಇಎಲ್‌ಟಿಎಸ್ ಕೋಚಿಂಗ್, 120 ಗಂಟೆಗಳ ಆನ್‌ಲೈನ್ ಸರ್ಟಿಫಿಕೇಟ್, ವಿದೇಶದಲ್ಲಿ ನೌಕರಿ ಗ್ಯಾರಂಟಿ, ಮೂರನ್ನೂ ಒಂದೇ ರಸೀದಿಯಲ್ಲಿ ಕಟ್ಟಿ ಲಕ್ಷಕ್ಕಿಂತ ಮೇಲೆ ಮಾರುತ್ತಾರೆ. ಬಡ್ಡಿಯಿಲ್ಲದ ಇಎಂಐ ಎನ್ನುತ್ತಾರೆ. ಪ್ರೊಸೆಸಿಂಗ್ ಶುಲ್ಕದಲ್ಲಿ ಬಡ್ಡಿ ಆಗಲೇ ವಸೂಲಾಗಿರುತ್ತದೆ. ಈ ಸರಕಿನ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಒಬ್ಬ ವಿದ್ಯಾರ್ಥಿಯ ಮುಖವನ್ನೂ ನೋಡದೆ, ಆಯ್ಕೆ ಪ್ರಶ್ನೆಗಳಿಗೆ ಗುರುತು ಹಾಕಿ ಮುಗಿಸುವ ಕೋರ್ಸಿಗೆ 120 ಗಂಟೆ ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ವರ್ಷವಿಡೀ ಶೇ 80 ರಿಯಾಯಿತಿ ತೋರಿಸುವ ವಸ್ತುವಿಗೆ ಆ ಮೂಲ ಬೆಲೆ ಎಂದೂ ಇರಲಿಲ್ಲ. ಇನ್ನು ನೌಕರಿಯ ಗ್ಯಾರಂಟಿ ಕೊಡುವ ಅಧಿಕಾರ ಕೋಚಿಂಗ್ ನಡೆಸುವವರಿಗೆ ಇಲ್ಲವೇ ಇಲ್ಲ. ವಿದೇಶದ ಕೆಲಸಕ್ಕೆ ಜನರನ್ನು ನೇಮಿಸಿ ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಸೇವಾ ಶುಲ್ಕದ ಮಿತಿ 30,000 ರೂಪಾಯಿ. ಶೇ 18 ಜಿಎಸ್‌ಟಿ ಸೇರಿಸಿ 35,400. ಅದಕ್ಕೆ ರಸೀದಿ ಕೊಡಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರಿಲ್ಲದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರವಾಸಿಯಾಗಿ ಹೋಗಿ, ಅಲ್ಲಿ ವರ್ಕ್ ಪರ್ಮಿಟ್ ಮಾಡಿಸುತ್ತೇವೆ ಎನ್ನುವವರಿಂದ ಎದ್ದು ಬನ್ನಿ. ಭಾರತೀಯ ಪ್ರವಾಸಿಗರಿಗೆ 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ವೀಸಾ ವಿನಾಯಿತಿ ಕೊಟ್ಟ ಮೇಲೆ ಈ ಮಾತು ಹೆಚ್ಚಾಗಿದೆ. ಆ ವಿನಾಯಿತಿ ತಿರುಗಾಡಲು ಕೊಟ್ಟದ್ದು, ಕಲಿಸಲು ಬೇಕಾದದ್ದು ನಾನ್-ಇಮಿಗ್ರಂಟ್ ಬಿ ವೀಸಾ ಮತ್ತು ವರ್ಕ್ ಪರ್ಮಿಟ್. ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ಗಡಿಯಾಚೆ ಥಾಯ್ಲೆಂಡಿನ ಮೇ ಸಾಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಥಾಯ್ಲೆಂಡಿನಲ್ಲಿ ಒಳ್ಳೆಯ ನೌಕರಿ ಎಂದು ನಂಬಿ ಹೊರಟವರು ಅವರಲ್ಲಿದ್ದರು. ಇಂಥ ಕಡೆ ಹೋಗುವುದು ದುಡ್ಡೊಂದೇ ಅಲ್ಲ.

ಬೇರೆ ದಾರಿಗಳನ್ನೂ ಹೇಳಿಬಿಡುತ್ತೇನೆ. ಬಿ.ಎಡ್. ಆದವರಿಗೆ ಗಲ್ಫ್‌ನ ಸಿಬಿಎಸ್‌ಇ ಶಾಲೆಗಳು, ಮಾಲ್ಡೀವ್ಸ್‌ನ ಶಾಲೆಗಳು ಇವೆ, ಅಲ್ಲಿ ಬಿ.ಎಡ್. ಮತ್ತು ಅನುಭವಕ್ಕೆ ಬೆಲೆ. ವಿದೇಶಿಯರಿಗೆ ಕಲಿಸುವುದು ನಿಮಗೆ ಒಗ್ಗುತ್ತದೆಯೇ ಎಂದು ನೋಡಲು ವಿಮಾನ ಹತ್ತಬೇಕಿಲ್ಲ. ಚಳಿಗಾಲದಲ್ಲಿ ಗೋವಾದ ಮೋರ್ಜಿಂ, ಆರಂಬೋಲ್ ಕಡೆ ತಿಂಗಳುಗಟ್ಟಲೆ ತಂಗುವ ರಷ್ಯನ್ ಕುಟುಂಬಗಳಿವೆ; ಕೆಲವರು ಮಕ್ಕಳಿಗೆ ಇಂಗ್ಲಿಷ್ ಪಾಠ ಹುಡುಕುತ್ತಾರೆ. ನಾನೂ ಅಲ್ಲಿ ಒಂದು ಸೀಸನ್ ಕಲಿಸಿದೆ. ಒಂದು ಕನ್ನಡ ಪದ, ಒಂದು ಹಿಂದಿ ಪದದ ಆಸರೆಯಿಲ್ಲದೆ ಪಾಠ ಮಾಡಬಲ್ಲೆ ಎಂಬ ಧೈರ್ಯ ಅಲ್ಲಿ ಬಂದ ಮೇಲೆಯೇ ಎಫ್‌ಡಿ ಮುರಿಸಿದ್ದು.

ಉಳಿದದ್ದು ಅಭ್ಯಾಸದ ಮಾತು, ಮತ್ತು ನನಗೆ ಅದೇ ಹೆಚ್ಚು ಮುಖ್ಯ. ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆ ನಡೆಯುವುದು 11ರಿಂದ 14 ನಿಮಿಷ. ಹದಿನೈದು ವರ್ಷ ಬಾಯಿ ಬಿಡದೆ ಕೂತವರನ್ನು ಮೂವತ್ತು ದಿನದ ಕೋಚಿಂಗ್ ಅಷ್ಟು ಹೊತ್ತು ಮಾತಾಡಿಸಲಾರದು. ದಿನಾ ಬೆಳಗ್ಗೆ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ಗಟ್ಟಿಯಾಗಿ ಓದಿ. ರಾತ್ರಿ ಅದರ ಬಗ್ಗೆ ಇನ್ನೂರೈವತ್ತು ಪದ ಬರೆಯಿರಿ. ನಿಮ್ಮ ದನಿಯನ್ನು ಫೋನಿನಲ್ಲಿ ಹಿಡಿದು ಕೇಳಿ, ನಾಚಿಕೆಯಾದರೂ ಕೇಳಿ. ಆರು ತಿಂಗಳು ಹೀಗೆ ನಡೆಸಿದರೆ ಕೋಚಿಂಗಿನ ದುಡ್ಡು ಉಳಿಯುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವುದನ್ನು ನಿಲ್ಲಿಸಿದರೆ ಇಂಗ್ಲಿಷ್ ಬರುತ್ತದೆ ಎನ್ನುವ ಸಲಹೆಗೆ ಕಿವಿಗೊಡಬೇಡಿ. ಒಂದು ಭಾಷೆಯಲ್ಲಿ ಅಚ್ಚುಕಟ್ಟಾಗಿ ಯೋಚಿಸಿ ಹೇಳಬಲ್ಲವರೇ ಇನ್ನೊಂದರಲ್ಲೂ ಹೇಳುತ್ತಾರೆ; ಇದನ್ನು ನನ್ನ ತರಗತಿಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ, ಒಂದೇ ಕಡತದಲ್ಲಿ ಇಡಿ. ನಗದು ಕೊಡಬೇಡಿ. ಅವ್ವನ ಬಂಗಾರ ಅಡವಿಟ್ಟು ಪರೀಕ್ಷೆ ಬರೆಯಬೇಡಿ. ನೌಕರಿ ಕೊಡುವ ಶಾಲೆಯಿಂದ ಒಪ್ಪಂದದ ಪ್ರತಿಯನ್ನು ಮೊದಲೇ ತರಿಸಿಕೊಂಡು, ಎಷ್ಟು ತಿಂಗಳ ಸಂಬಳ ಎಂದು ಬೆರಳಿಟ್ಟು ಓದಿ. ಬೇಸಿಗೆಯ ಎರಡು ತಿಂಗಳಿಗೆ ಸಂಬಳವಿಲ್ಲದಿದ್ದರೆ ಆ ಎರಡು ತಿಂಗಳ ಬಾಡಿಗೆ, ಊಟ ಮತ್ತು ಊರಿಗೆ ಮರಳುವ ಟಿಕೆಟಿನ ಹಣವನ್ನು ಹೊರಡುವ ಮೊದಲೇ ಬೇರೆ ಖಾತೆಯಲ್ಲಿ ಹಾಕಿ. ಆ ಖಾತೆ ತುಂಬದವರು ಒಂದು ವರ್ಷ ತಡೆದು ಹೊರಡಿ. ನೇಮಕಾತಿ ಮುಂದಿನ ವರ್ಷವೂ ಇರುತ್ತದೆ, ಪರೀಕ್ಷೆಯಂತೂ ಪ್ರತಿ ತಿಂಗಳೂ ನಡೆಯುತ್ತದೆ.