ನಾಯಿಗಳ ಹೃದಯಕ್ರಿಮಿಗೆ ದೀರ್ಘಕಾಲ ನಿಲ್ಲುವ ಸೂಜಿಮದ್ದು: ಅದರ ಕ್ಷೇಮಾಕ್ಷೇಮ ವಿಚಾರ

ನಾಯಿಯ ಹೃದಯದ ಬಲಭಾಗದಲ್ಲಿಯೂ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿಯೂ ಸೇರಿಕೊಂಡು ಬೆಳೆಯುವ ದಾರದಂತಹ ಹುಳುವೊಂದುಂಟು. ಶಾಸ್ತ್ರಜ್ಞರು ಇದನ್ನು ಡೈರೋಫೈಲೇರಿಯಾ ಇಮ್ಮಿಟಿಸ್ ಎಂದು ಕರೆಯುವರು. ಇದರ ವಾಹಕವು ಸೊಳ್ಳೆ. ರೋಗವುಳ್ಳ ನಾಯಿಯ ರಕ್ತವನ್ನು ಹೀರಿದ ಸೊಳ್ಳೆಯ ದೇಹದಲ್ಲಿ, ಹವೆಯು ಬೆಚ್ಚಗಿದ್ದರೆ, ಸುಮಾರು ಎರಡು ವಾರಗಳಲ್ಲಿ ಮರಿಹುಳುಗಳು ಬಲಿತು, ಅದು ಕಚ್ಚಿದ ಇನ್ನೊಂದು ನಾಯಿಯನ್ನು ಸೇರುವುವು. ಆರೇಳು ತಿಂಗಳಲ್ಲಿ ಪೂರ್ಣವಾಗಿ ಬೆಳೆದ ಹೆಣ್ಣುಹುಳುವು ಒಂದಡಿಯವರೆಗೂ ಉದ್ದವಿದ್ದು, 5ರಿಂದ 7 ವರುಷ ಬದುಕಬಲ್ಲುದು. ಬೆಳೆದ ಹುಳುವನ್ನು ಕೊಲ್ಲಲು ಪಾಷಾಣಸಂಬಂಧವಾದ ಸೂಜಿಮದ್ದು ಬೇಕಾಗುವುದು. ಸತ್ತ ಹುಳುಗಳು ರಕ್ತನಾಳವನ್ನು ಅಡಗಟ್ಟುವ ಭಯವಿರುವುದರಿಂದ ನಾಯಿಯನ್ನು ತಿಂಗಳುಗಟ್ಟಲೆ ಓಡಗೊಡದೆ ಇರಿಸಬೇಕು. ಆದಕಾರಣ ರೋಗವು ಬಾರದಂತೆ ತಡೆಯುವುದೇ ಮೇಲೆಂಬುದರಲ್ಲಿ ವಿವಾದವಿಲ್ಲ. ಹೇಗೆ ತಡೆಯಬೇಕೆಂಬುದರಲ್ಲಿಯೇ ವಿವಾದವಿರುವುದು.

ತಿಂಗಳಿಗೊಮ್ಮೆ ಐವರ್‌ಮೆಕ್ಟಿನ್ ಮುಂತಾದ ಮದ್ದನ್ನು ಅತ್ಯಲ್ಪ ಪ್ರಮಾಣದಲ್ಲಿ ತಿನ್ನಿಸುವುದು ಒಂದು ವಿಧಾನ. ಮಾಕ್ಸಿಡೆಕ್ಟಿನ್ ಎಂಬ ಮದ್ದನ್ನು ಸಣ್ಣ ಕೊಬ್ಬಿನ ಕಣಗಳಲ್ಲಿ ಅಡಗಿಸಿ, ಚರ್ಮದ ಕೆಳಗೆ ಚುಚ್ಚಿ, ಆರು ತಿಂಗಳು ಅಥವಾ ಒಂದು ವರುಷ ನಿಧಾನವಾಗಿ ಒಸರುವಂತೆ ಮಾಡುವುದು ಇನ್ನೊಂದು. ಅಮೆರಿಕದಲ್ಲಿ ಪ್ರೋಹಾರ್ಟ್ 6 ಎಂಬ ಆರು ತಿಂಗಳ ಸೂಜಿಮದ್ದಿಗೆ 2001ರಲ್ಲಿ ಅನುಮತಿ ದೊರೆಯಿತು. ಮೂರು ವರುಷಗಳಲ್ಲಿ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತಕ್ಕೆ 5,000ಕ್ಕೂ ಮೇಲ್ಪಟ್ಟು ದೂರುಗಳು ಬಂದುವು; ಅವುಗಳಲ್ಲಿ ಮರಣದ ದೂರುಗಳೂ ಇದ್ದುವು. ಆ ಆಡಳಿತದ ಕೋರಿಕೆಯ ಮೇರೆಗೆ 2004ರ ಸೆಪ್ಟೆಂಬರಿನಲ್ಲಿ ಮದ್ದನ್ನು ಪೇಟೆಯಿಂದ ಹಿಂದಕ್ಕೆ ತೆಗೆಯಲಾಯಿತು. 2008ರಲ್ಲಿ ಅದು ಮರಳಿ ಬಂದಾಗ, ತರಬೇತು ಹೊಂದಿ ಹೆಸರು ನೋಂದಾಯಿಸಿದ ಪಶುವೈದ್ಯರು ಮಾತ್ರವೇ, ಯಜಮಾನನ ಲಿಖಿತ ಒಪ್ಪಿಗೆಯನ್ನು ಪಡೆದು, ಕೊಡತಕ್ಕದ್ದೆಂದು ನಿಬಂಧನೆಯಿತ್ತು. ಈ ಕಟ್ಟುಪಾಡುಗಳು ಅನಂತರ ಸಡಿಲವಾದುವು. ಒಂದು ವರುಷ ನಿಲ್ಲುವ ಪ್ರೋಹಾರ್ಟ್ 12ಕ್ಕೆ ಅಲ್ಲಿ 2019ರಲ್ಲಿ ಅನುಮತಿಯಾಯಿತು.

ಈ ವೃತ್ತಾಂತವನ್ನು ಹೇಗೆ ತೂಗಬೇಕು? ಮದ್ದು ಚುಚ್ಚಿದ ಮೇಲೆ ನಾಯಿಯು ಸತ್ತಿತೆಂಬುದು, ಮದ್ದಿನಿಂದಲೇ ಸತ್ತಿತೆಂಬುದಕ್ಕೆ ಸಾಕ್ಷ್ಯವಲ್ಲ. ಹಾಗೆಂದು ದೂರುಗಳನ್ನು ತಳ್ಳಿಹಾಕುವುದೂ ಸಲ್ಲದು. ದೂರು ಬರೆಯದೆ ಸುಮ್ಮನಾದವರೂ ಇರುವರು. ಮುಖ್ಯವಾದ ಸಂಗತಿ ಬೇರೆಯೇ ಇದೆ. ಮಾತ್ರೆಯು ಒಗ್ಗದಿದ್ದರೆ ಮುಂದಿನ ತಿಂಗಳು ನಿಲ್ಲಿಸಬಹುದು. ಚುಚ್ಚಿದ ಮದ್ದನ್ನು ಹಿಂದಕ್ಕೆ ತೆಗೆಯಲಾಗದು. ಆದರೆ ಅಮಾವಾಸ್ಯೆಗೊಮ್ಮೆ ಮಾತ್ರೆ ಕೊಡುವೆನೆಂದು ಸಂಕಲ್ಪಿಸಿದವನು ಸುಗ್ಗಿಯ ಗಲಾಟೆಯಲ್ಲಿ ಎರಡು ತಿಂಗಳು ಮರೆಯುವುದು ಸಾಮಾನ್ಯ. ಆ ಮರೆವಿನಲ್ಲಿಯೇ ಹುಳುವು ಒಳಹೊಗುವುದು. ಸೊಳ್ಳೆಯೂ ರೋಗವೂ ದಟ್ಟವಾಗಿರುವ ಸೀಮೆಯಲ್ಲಿ, ಆರೋಗ್ಯವಂತವಾದ ನಾಯಿಗೆ, ಮರೆಯುವ ಯಜಮಾನನಿದ್ದಲ್ಲಿ ಸೂಜಿಮದ್ದೇ ಲೇಸೆಂದು ನಮ್ಮ ಅಭಿಪ್ರಾಯ. ರೋಗವು ವಿರಳವಾದ ಕಡೆ ಅಷ್ಟು ದೀರ್ಘವಾದ ಮದ್ದಿನ ಅಪಾಯವನ್ನು ಹೊರುವುದಕ್ಕೆ ಕಾರಣವು ಕಾಣದು.

ರೋಗಿಯಾದ, ಬಡಕಲಾದ, ತೂಕವಿಳಿದ ನಾಯಿಗೆ ಈ ಸೂಜಿಮದ್ದು ಸಲ್ಲದು. ತುರಿ ಮೊದಲಾದ ಒಗ್ಗದಿಕೆಯ ರೋಗವುಳ್ಳವುಗಳಲ್ಲಿ ಎಚ್ಚರಿಕೆಯು ಅಗತ್ಯ. ಹುಚ್ಚುರೋಗವೇ ಮೊದಲಾದವುಗಳ ಲಸಿಕೆಯ ದಿನವೇ ಇದನ್ನೂ ಹಾಕಿಸಬಾರದು. ಮುಂಚಿತವಾಗಿ ರಕ್ತಪರೀಕ್ಷೆಯಾಗತಕ್ಕದ್ದು, ಬೆಳೆದ ಹುಳುವಿನ ಮೇಲೆ ಈ ಮದ್ದು ಸಾಗದು. ಆರು ತಿಂಗಳದ್ದನ್ನು ಆರು ತಿಂಗಳು ತುಂಬಿದ ಮರಿಗೂ, ವರುಷದ್ದನ್ನು ವರುಷ ತುಂಬಿದುದಕ್ಕೂ ಮಾತ್ರ ಕೊಡುವುದು.

ನಮ್ಮ ದೇಶದಲ್ಲಿ ಹೃದಯಕ್ರಿಮಿಯು ಅಸ್ಸಾಂ ಮುಂತಾದ ಈಶಾನ್ಯ ಭಾಗಗಳಲ್ಲಿ ಹೆಚ್ಚಾಗಿ ಕಂಡುಬಂದಿದೆ. ದಕ್ಷಿಣದಲ್ಲಿ ಹೆಚ್ಚಾಗಿ ಕಾಣುವುದು ಚರ್ಮದ ಕೆಳಗಿರುವ ಡೈರೋಫೈಲೇರಿಯಾ ರೆಪೆನ್ಸ್ ಎಂಬ ಸೋದರ ಹುಳು. ಇದರ ಮರಿಗಳೂ ರಕ್ತದಲ್ಲಿ ಸಂಚರಿಸುವುದರಿಂದ, ತೊಟ್ಟು ರಕ್ತದಲ್ಲಿ ಹುಳು ಕಂಡೊಡನೆ ಹೃದಯಕ್ರಿಮಿಯೆಂದು ನಿರ್ಣಯಿಸಲಾಗದು.

ಜಮೀನುದಾರ ಮಹಾಶಯರು ವಿಶೇಷವಾಗಿ ಗಮನಿಸಬೇಕಾದುದೊಂದಿದೆ. ಕೊಟ್ಟಿಗೆಯಲ್ಲಿರುವ ದನಗಳ ಐವರ್‌ಮೆಕ್ಟಿನ್ ಸೀಸೆಯಿಂದ ನಾಯಿಗೂ ಕೊಂಚ ಚುಚ್ಚಿಬಿಡೋಣವೆನ್ನುವ ಅಭ್ಯಾಸವು ಅಪಾಯಕರ. ಶೇಕಡಾ 1ರ ಆ ಮದ್ದಿನ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುವುದು. 15 ಕಿಲೋ ತೂಕದ ನಾಯಿಗೆ ಹೃದಯಕ್ರಿಮಿಯನ್ನು ತಡೆಯಲು ತಿಂಗಳಿಗೆ ಸಾಕಾಗುವುದು ಕಿಲೋ ಒಂದಕ್ಕೆ 6 ಮೈಕ್ರೋಗ್ರಾಮಿನಂತೆ 90 ಮೈಕ್ರೋಗ್ರಾಂ, ಎಂದರೆ ಆ ಒಂದು ಮಿಲಿಲೀಟರಿನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಕೋಲಿ ಮುಂತಾದ ಕುರಿಕಾವಲು ಜಾತಿಗಳಲ್ಲಿ ಅನೇಕಕ್ಕೆ ಹುಟ್ಟಿನಿಂದಲೇ ಇರುವ ದೋಷದಿಂದ ಮದ್ದು ಮಿದುಳನ್ನು ಹೊಗುವುದು. ಹಾಗೆ ಚುಚ್ಚಿಸಿಕೊಂಡ ನಾಯಿಯು ತೂರಾಡಿದರೆ, ಜೊಲ್ಲು ಸುರಿಸಿದರೆ, ಕಣ್ಣಿನ ಪಾಪೆ ಹಿಗ್ಗಿದರೆ, ಮನೆಮದ್ದಿಗೆ ಕಾಯದೆ ಸೀಸೆಯ ಸಮೇತ ಪಶುವೈದ್ಯಶಾಲೆಗೆ ಒಯ್ಯತಕ್ಕದ್ದು.