ವೇಷದ ಕಾದಂಬರಿ ಸವಿಯಲು ಏಳು ಸೂತ್ರಗಳು

ಜಾರ್ಜೆಟ್ ಹೇಯರ್ 1928ರಲ್ಲಿ ಪ್ರಕಟಿಸಿದ ‘ದಿ ಮಾಸ್ಕರೇಡರ್ಸ್’ ಕಾದಂಬರಿಯಲ್ಲಿ ಒಡಹುಟ್ಟಿದವರಿಬ್ಬರು ವೇಷ ಬದಲಿಸಿ ಲಂಡನ್ನಿಗೆ ಬರುತ್ತಾರೆ. ಪ್ರುಡೆನ್ಸ್ ಗಂಡುಡುಪಿನ ಪೀಟರ್, ರಾಬಿನ್ ಹೆಣ್ಣುಡುಪಿನ ಕೇಟ್. ಓದಿನ ಪೂರ್ತಿ ರುಚಿ ಸಿಗಬೇಕೇ? ಹೀಗೆ ಮಾಡಿ.

1. ಮೊದಲು ಕಥೆ ನಡೆಯುವ ಕಾಲ ನೋಡಿ. ಸ್ಟುವರ್ಟ್ ವಂಶದ ಚಾರ್ಲ್ಸ್ 1745ರಲ್ಲಿ ಬ್ರಿಟನ್ನಿನ ಸಿಂಹಾಸನಕ್ಕಾಗಿ ದಂಗೆಯೆದ್ದ. 1746ರ ಏಪ್ರಿಲ್‌ನಲ್ಲಿ ಕಲೊಡೆನ್ ಕದನದಲ್ಲಿ ಸೋತ. ರಾಬಿನ್ ಅವನ ಕಡೆಯವನು, ಸಿಕ್ಕಿಬಿದ್ದರೆ ನೇಣು. ಆ ಲಂಗ ತಮಾಷೆಗಲ್ಲ, ತಲೆ ಉಳಿಸಿಕೊಳ್ಳಲು.

2. ‘ಹೀಗೂ ಉಂಟೇ?’ ಎನ್ನಬೇಡಿ. ಸೋತ ಚಾರ್ಲ್ಸನೇ ಆ ಜೂನ್‌ನಲ್ಲಿ ಬೆಟ್ಟಿ ಬರ್ಕ್ ಎಂಬ ಐರಿಷ್ ಕೆಲಸದಾಕೆಯಾಗಿ, ಫ್ಲೋರಾ ಮ್ಯಾಕ್‌ಡೊನಾಲ್ಡ್ ಎಂಬಾಕೆಯ ಜತೆ ದೋಣಿಯೇರಿ ಸ್ಕೈ ದ್ವೀಪಕ್ಕೆ ಪಾರಾಗಿದ್ದ.

3. ಬಟ್ಟೆಬರೆಯ ವರ್ಣನೆ ಹಾರಿಸಬೇಡಿ. ಆಗ ಸಿರಿವಂತ ಗಂಡಸರೂ ರೇಷ್ಮೆ, ಲೇಸು ತೊಟ್ಟು ತಲೆಗೆ ಪೌಡರ್ ಬಳಿಯುತ್ತಿದ್ದರು. ಹೆಂಗಸರ ಹೂಪ್ ಲಂಗ ಕಾಲಿನ ನಡಿಗೆಯನ್ನೇ ಮರೆಮಾಡುತ್ತಿತ್ತು. ವೇಷ ನಂಬುವಂತಾಗುವುದು ಈ ವಿವರಗಳಿಂದಲೇ.

4. ಗುಟ್ಟು ರಟ್ಟಾಗಲೆಂದು ಪುಟ ಓಡಿಸಬೇಡಿ. ಲೇಖಕಿ ಅದನ್ನು ಆರಂಭದಲ್ಲೇ ನಮ್ಮ ಕಿವಿಗೆ ಹಾಕಿದ್ದಾರೆ. ಮಹಾಭಾರತದ ಬೃಹನ್ನಳೆ ಯಾರೆಂದು ನಮಗೆ ಗೊತ್ತು, ಉತ್ತರಕುಮಾರನಿಗೆ ಗೊತ್ತಿಲ್ಲ. ವಿರಾಟಪರ್ವದ ಮಜಾ ಅದೇ ತಾನೆ? ಇಲ್ಲೂ ಯಾರಿಗೆ ಏನು ಗೊತ್ತು ಎಂಬ ಲೆಕ್ಕ ಇಡುತ್ತಾ ಹೋಗಿ.

5. ಮಾತು ಕಡಿಮೆಯಿರುವವನ ಮೇಲೆ ಕಣ್ಣಿಡಿ. ಸರ್ ಆಂಟನಿ ಫ್ಯಾನ್‌ಶಾ ಭಾರಿ ಆಳು, ಸದಾ ತೂಕಡಿಸುವಂಥ ಕಣ್ಣು. ಪೀಟರ್ ಗಂಡಸಲ್ಲವೆಂದು ತಾನಾಗಿಯೇ ಪತ್ತೆಹಚ್ಚುವವನು ಅವನೇ. ಅವನಿರುವ ದೃಶ್ಯಗಳನ್ನು ಇನ್ನೊಮ್ಮೆ ಓದಿ, ಅನುಮಾನ ಎಲ್ಲಿ ಮೊಳೆಯಿತೆಂದು ಹುಡುಕಿ.

6. ಎರಡು ಪ್ರೇಮಗಳನ್ನು ಪಕ್ಕಪಕ್ಕ ಇಡಿ. ಲೆಟ್ಟಿ ಎಂಬ ಹುಡುಗಿ ತನ್ನ ಗೆಳತಿ ಕೇಟ್ ಹತ್ತಿರ ಮನಸ್ಸು ಬಿಚ್ಚುತ್ತಾಳೆ. ಮುಖವಾಡ, ಕಪ್ಪು ನಿಲುವಂಗಿಯ ಅಪರಿಚಿತನಿಗೆ ಮನಸೋಲುತ್ತಾಳೆ. ಇಬ್ಬರೂ ರಾಬಿನ್ನೇ! ಆಂಟನಿ ಪ್ರುಡೆನ್ಸ್‌ಳನ್ನು ವೇಷದಾಚೆಗೆ ನೋಡಿ ಮೆಚ್ಚಿದರೆ, ಲೆಟ್ಟಿ ಮರುಳಾಗುವುದು ವೇಷಕ್ಕೇ.

7. ಹಳೆಯ ಇಂಗ್ಲಿಷ್ ಎಂದು ಹೆದರಬೇಡಿ, ಪದಪದಕ್ಕೂ ನಿಘಂಟು ತೆರೆಯಲೂಬೇಡಿ. ಇದು ಹಿಡಿಸಿದರೆ ಮುಂದೆ ‘ದೀಸ್ ಓಲ್ಡ್ ಶೇಡ್ಸ್’ (1926) ಹಿಡಿಯಿರಿ; ಅಲ್ಲಿ ಲೆಯೊನಿ ಪ್ಯಾರಿಸ್‌ನಲ್ಲಿ ಹುಡುಗನಾಗಿ ಓಡಾಡುತ್ತಾಳೆ. ಎರಡನ್ನೂ ಒಂದೇ ಪ್ರಶ್ನೆಯಿಂದ ಅಳೆಯಿರಿ: ಮತ್ತೆ ಲಂಗ ತೊಟ್ಟ ಮೇಲೂ ನಾಯಕಿಗೆ ಮೊದಲಿನ ಗತ್ತು ಉಳಿದಿದೆಯೇ?