ಮೊದಲ ಮಾತು ಮಕ್ಕಳದು

ಧಾರವಾಡದ ಒಂದು ಹೈಸ್ಕೂಲಿನ ಗ್ರಂಥಾಲಯ ನನ್ನ ಪಾಲಿನದು. ಪಾಠವೂ ಮಾಡುತ್ತೇನೆ, ಆದರೆ ಮನಸ್ಸು ಹೆಚ್ಚು ನಿಲ್ಲುವುದು ಈ ಕೋಣೆಯಲ್ಲಿ. ವರ್ಷಕ್ಕೊಮ್ಮೆ ಪುಸ್ತಕ ಕೊಳ್ಳಲು ದುಡ್ಡು ಬರುತ್ತದೆ. ಅದರಲ್ಲಿ ಒಂದು ಭಾಗವನ್ನು ಹದಿಹರೆಯದವರಿಗೆಂದು ಬರೆದ ಫ್ಯಾಂಟಸಿ ಕಾದಂಬರಿಗಳಿಗೆ ಎತ್ತಿಡುತ್ತೇನೆ. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲಿ ಹಳೆಯ ಪ್ರತಿಗಳನ್ನು ಹುಡುಕಿ ತರುವುದೂ ಉಂಟು. ಕೊಳ್ಳುವುದು ಸುಲಭ. ಕೊಂಡ ಮೇಲೆ ಓದಿ, ಆ ಪುಸ್ತಕದ ಬಗ್ಗೆ ಹದಿನಾಲ್ಕು ವರ್ಷದ ಒಬ್ಬ ಓದುಗನ ಮುಂದೆ ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎನ್ನುವುದನ್ನು ಕಲಿಯಲು ಕಾಲ ಬೇಕಾಯಿತು. ಆ ಕಲಿಕೆಯ ಬಹುಪಾಲನ್ನು ಮಕ್ಕಳೇ ಕೊಟ್ಟರು.

ರಿಜಿಸ್ಟರಿಗೆ ಏರಿಸಿ ಸೀಲು ಒತ್ತಿದ ಮೇಲೆ ಹೊಸ ಪುಸ್ತಕ ಮೊದಲು ನನ್ನ ಜೊತೆ ಮನೆಗೆ ಬರುತ್ತದೆ. ಬೆನ್ನುಪುಟದ ಹೊಗಳಿಕೆಯನ್ನು ನಾನು ಓದುವುದಿಲ್ಲ. ಅಚ್ಚಿನ ವಿವರ ಇರುವ ಪುಟವನ್ನು ಮಾತ್ರ ತಪ್ಪದೆ ನೋಡುತ್ತೇನೆ, ಮಕ್ಕಳಿಗೂ ನೋಡಲು ಹೇಳುತ್ತೇನೆ. ಒಮ್ಮೆ ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಓದುತ್ತಿದ್ದ ಹುಡುಗನೊಬ್ಬ, ಮಂತ್ರವಾದಿಗಳ ಶಾಲೆ ಬಂದ ಕೂಡಲೇ ಪುಸ್ತಕ ಹಿಡಿದುಕೊಂಡು ಬಂದ. “ಮೇಡಂ, ಇದು ಹ್ಯಾರಿ ಪಾಟರ್ ಕಾಪಿ ಹೊಡದಾರ್ರಿ” ಎಂದ. ನಾನು ವಾದ ಮಾಡಲಿಲ್ಲ, ಆ ಪುಟ ತೆಗೆದು ತೋರಿಸಿದೆ. ಲೆ ಗ್ವಿನ್ ಅವರ ಪುಸ್ತಕ ಬಂದದ್ದು 1968ರಲ್ಲಿ, ಹ್ಯಾರಿ ಪಾಟರ್ ಸರಣಿಯ ಮೊದಲನೆಯದು 1997ರಲ್ಲಿ. ಹುಡುಗ ಎರಡು ಇಸವಿಗಳನ್ನು ಬೆರಳ ಮೇಲೆ ಎಣಿಸಿ, ಮರುದಿನ ತನ್ನ ಗೆಳೆಯರಿಗೆಲ್ಲ ಆ ಪುಟ ತೋರಿಸುತ್ತಾ ಓಡಾಡಿದ. ನನಗೆ ಅಂದು ಆದ ಸಂತೋಷ ದೊಡ್ಡದು. ಒಂದು ಅಭಿಪ್ರಾಯಕ್ಕೆ ಆಧಾರ ಪುಸ್ತಕದ ಒಳಗೇ ಇರುತ್ತದೆ, ಅದನ್ನು ಬೆರಳಿಟ್ಟು ತೋರಿಸಬಹುದು ಎನ್ನುವುದು ಅವನಿಗೆ ಹೊಸ ವಿಷಯವಾಗಿತ್ತು.

ಪುಟ ಚೀಟಿಯ ಪದ್ಧತಿ ಹುಟ್ಟಿದ್ದು ಅಲ್ಲಿಂದ. ಓದಿ ಮುಗಿಸಿದವರು, ಅರ್ಧಕ್ಕೆ ಬಿಟ್ಟವರೂ ಸಹ, ಒಂದು ಸಣ್ಣ ಚೀಟಿಯಲ್ಲಿ ಪುಟಸಂಖ್ಯೆ ಬರೆದು, ಅಲ್ಲಿ ತಮಗೆ ಏನಾಯಿತು ಎಂದು ಒಂದೆರಡು ಸಾಲು ಗೀಚಿ ಹಿಂದಿನ ರಟ್ಟಿನ ಒಳಗೆ ಸೇರಿಸಬೇಕು. ‘ಚೆನ್ನಾಗಿದೆ’, ‘ಸೂಪರ್’ ಎಂದು ಬರೆಯಬಾರದು. ಎಲ್ಲಿ ನಿದ್ದೆ ಬಂತು, ಎಲ್ಲಿ ಊಟಕ್ಕೆ ಕರೆದರೂ ಏಳಲಿಲ್ಲ, ಎಲ್ಲಿ ಸಿಟ್ಟು ಬಂತು, ಅದು ಬೇಕು. ಇಂಗ್ಲಿಷಿನಲ್ಲೇ ಬರೆಯಬೇಕೆಂದಿಲ್ಲ. ಇಂಗ್ಲಿಷ್ ಪುಸ್ತಕದ ಬಗ್ಗೆ ಕನ್ನಡದಲ್ಲಿ ಬರೆದ ಚೀಟಿಗಳೇ ಹೆಚ್ಚು ಜೀವಂತವಾಗಿರುತ್ತವೆ. ಬೆನ್ನುಪುಟದ ಮಾತುಗಳನ್ನು ಹಾಗೇ ಎತ್ತಿ ಇಡಲು ಆಗ ದಾರಿಯಿರುವುದಿಲ್ಲ, ತಮ್ಮದೇ ಮಾತು ಹುಡುಕಬೇಕಾಗುತ್ತದೆ.

ಫಿಲಿಪ್ ಪುಲ್‌ಮನ್ ಅವರ ‘ನಾರ್ದರ್ನ್ ಲೈಟ್ಸ್’ ಪುಸ್ತಕದ ಚೀಟಿಗಳನ್ನು ನೋಡಿದರೆ ಇದು ತಿಳಿಯುತ್ತದೆ. 1995ರಲ್ಲಿ ಬ್ರಿಟನ್ನಿನಲ್ಲಿ ಈ ಹೆಸರಿನಿಂದ ಬಂದದ್ದೇ ಅಮೆರಿಕದಲ್ಲಿ ‘ದಿ ಗೋಲ್ಡನ್ ಕಂಪಸ್’ ಆಯಿತು. ಗ್ರಂಥಾಲಯಕ್ಕೆ ಕೊಳ್ಳುವವರು ಇದನ್ನು ನೆನಪಿಟ್ಟರೆ ಒಂದೇ ಪುಸ್ತಕಕ್ಕೆ ಎರಡು ಸಲ ದುಡ್ಡು ಹೋಗುವುದಿಲ್ಲ. ಆ ಲೋಕದಲ್ಲಿ ಮನುಷ್ಯನ ಆತ್ಮ ಅವನ ಹೊರಗೆ, ಒಂದು ಪ್ರಾಣಿಯ ರೂಪದಲ್ಲಿ ಜೊತೆಗೇ ಓಡಾಡುತ್ತದೆ. ಮಕ್ಕಳ ಪ್ರಾಣಿ ಗಳಿಗೆಗೊಂದು ರೂಪ ತಾಳುತ್ತದೆ. ಅವರು ದೊಡ್ಡವರಾಗುವ ಹೊತ್ತಿಗೆ ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಹದಿಹರೆಯದ ಬಗ್ಗೆ ಇಷ್ಟು ಆಳವಾದ ಕಲ್ಪನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅದನ್ನು ನಾನೇ ಮೊದಲು ಹೇಳಿಬಿಟ್ಟಿದ್ದರೆ ಎಂಟನೇ ತರಗತಿಯ ಹುಡುಗಿಯೊಬ್ಬಳ ಚೀಟಿ ಬರುತ್ತಿರಲಿಲ್ಲ. ಅವಳಿಗೆ ನೆನಪಾದದ್ದು ಅಜ್ಜಿಯ ಕಥೆಯ ರಾಕ್ಷಸ. ಅವನ ಜೀವ ಏಳು ಸಮುದ್ರದಾಚೆ ಗಿಳಿಯಲ್ಲಿ ಇರುತ್ತದೆ. “ರಾಕ್ಷಸ ಜೀವಾನ ದೂರ ಬಚ್ಚಿಡತಾನ, ಇವರು ಸಂಗಾಟ ಕರ್ಕೊಂಡ ಅಡ್ಡಾಡತಾರ. ಇವರೇ ಧೈರ್ಯವಂತರು” ಎಂದು ಬರೆದಿದ್ದಳು. ಪುಲ್‌ಮನ್ ಬಗ್ಗೆ ನಾನು ಓದಿದ ದೊಡ್ಡ ದೊಡ್ಡ ವಿಮರ್ಶೆಗಳಲ್ಲಿ ಈ ಮಾತು ಇರಲಿಲ್ಲ.

ಅದೇ ಪುಸ್ತಕದಲ್ಲಿ, ತನ್ನ ಪ್ರಾಣಿಯಿಂದ ಕತ್ತರಿಸಲ್ಪಟ್ಟ ಒಬ್ಬ ಪುಟ್ಟ ಹುಡುಗ ಒಣಮೀನೊಂದನ್ನು ಎದೆಗವಚಿಕೊಂಡು ಕೂತಿರುವ ಭಾಗವಿದೆ. ಹೆಚ್ಚು ಚೀಟಿಗಳು ಬೀಳುವುದು ಅಲ್ಲೇ. ಕೆಲವರು ಅಲ್ಲಿಗೆ ಪುಸ್ತಕ ಮುಚ್ಚಿದ್ದಾರೆ. ಅವರನ್ನು ಮುಂದೆ ಓದು ಎಂದು ನಾನು ಒತ್ತಾಯಿಸುವುದಿಲ್ಲ. ಆ ಪುಟದಲ್ಲಿ ನಿಂತವನು ಪುಸ್ತಕವನ್ನು ಸರಿಯಾಗಿಯೇ ಓದಿದ್ದಾನೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬರುವವರು ಬಂದು ಕೂರುತ್ತಾರೆ. ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಓದಲು ಇನ್ನೂ ತ್ರಾಸಾಗುವ ಮಕ್ಕಳಿಗೆ ನಾನು ಒಂದೊಂದು ಅಧ್ಯಾಯ ಓದಿ, ನಡುವೆ ನಿಲ್ಲಿಸಿ ಕನ್ನಡದಲ್ಲಿ ಕಥೆ ಹೇಳುತ್ತೇನೆ. ಆಮೇಲೆ ಚರ್ಚೆ. ಅಲ್ಲಿ ನಾನು ಪಾಲಿಸುವ ಕಟ್ಟುನಿಟ್ಟಿನ ನಿಯಮ ಒಂದೇ: ನನ್ನ ಅಭಿಪ್ರಾಯ ಕೊನೆಗೆ. ಮೇಡಂಗೆ ಹಿಡಿಸಿದೆ ಎಂದು ಗೊತ್ತಾದರೆ ಅರ್ಧ ಮಕ್ಕಳು ತಮಗೂ ಹಿಡಿಸಿತು ಅನ್ನುತ್ತಾರೆ. ಶಾಲೆ ಅನ್ನುವುದು ಅವರಿಗೆ ಅಷ್ಟು ಕಲಿಸಿರುತ್ತದೆ.

ಫ್ಯಾಂಟಸಿಯನ್ನು ಅಳೆಯಲು ನನಗೆ ಅತಿ ಉಪಯೋಗಕ್ಕೆ ಬಂದ ಪ್ರಶ್ನೆ, ಈ ಲೋಕದಲ್ಲಿ ಮಂತ್ರಕ್ಕೆ ತೆರಬೇಕಾದ ಬೆಲೆ ಏನು ಎಂಬುದು. ಅರ್ಥ್‌ಸೀಯಲ್ಲಿ ಒಂದು ವಸ್ತುವಿನ ನಿಜವಾದ ಹೆಸರು ಗೊತ್ತಿದ್ದವನಿಗೆ ಅದರ ಮೇಲೆ ಅಧಿಕಾರ ಸಿಗುತ್ತದೆ, ಆದರೆ ಒಂದು ಕಡೆ ಮಳೆ ತರಿಸಿದರೆ ಇನ್ನೊಂದು ಕಡೆ ಏನಾದೀತು ಎಂಬ ಲೆಕ್ಕವನ್ನೂ ಅವನೇ ಹೊರಬೇಕು. ಹುಡುಗ ಗೆಡ್ ಜಂಬದಲ್ಲಿ ಕರೆಯಬಾರದ ನೆರಳನ್ನು ಕರೆದು, ಉಳಿದ ಪುಸ್ತಕವಿಡೀ ಅದರ ಬೆಲೆ ತೆರುತ್ತಾನೆ. ಲೀ ಬಾರ್ಡೂಗೊ ಅವರ 2015ರ ‘ಸಿಕ್ಸ್ ಆಫ್ ಕ್ರೋಸ್’ ಕಳ್ಳರ ಕಥೆ. ಅಲ್ಲಿ ಮಂತ್ರಶಕ್ತಿಯನ್ನು ಎಷ್ಟೋ ಪಟ್ಟು ಹೆಚ್ಚಿಸುವ ಒಂದು ಮದ್ದು ಬರುತ್ತದೆ, ತೆಗೆದುಕೊಂಡವರನ್ನು ಅದೇ ಚಟವಾಗಿ ತಿನ್ನುತ್ತದೆ. ಈ ಪ್ರಶ್ನೆಗೆ ಉತ್ತರವೇ ಇಲ್ಲದ ಪುಸ್ತಕಗಳೂ ಬರುತ್ತವೆ. ನಾಯಕಿಗೆ ಕಷ್ಟ ಬಂದಾಗಲೆಲ್ಲ ಹೊಸ ಶಕ್ತಿ ಚಿಮ್ಮುತ್ತದೆ, ಯಾರೂ ಏನೂ ಕಳೆದುಕೊಳ್ಳುವುದಿಲ್ಲ. ಅಂಥವು ಕೈಯಿಂದ ಕೈಗೆ ಬೇಗ ಓಡಾಡುತ್ತವೆ, ಚೀಟಿ ಮಾತ್ರ ಖಾಲಿ ಬರುತ್ತದೆ.

ಈ ಪ್ರಶ್ನೆ ಮಕ್ಕಳಿಗೆ ರೂಢಿಯಾದ ಮೇಲೆ ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದನ್ನು, ಹೂವಿನ ಮರವಾಗುವ ಹುಡುಗಿಯದನ್ನು, ಅವರ ಮುಂದಿಟ್ಟೆ. ರಾಮಾನುಜನ್ ತೀರಿಕೊಂಡ ಮೇಲೆ, 1997ರಲ್ಲಿ, ಇದೇ ಕಥೆಯ ಹೆಸರಿನಲ್ಲಿ ಅವರ ಇಂಗ್ಲಿಷ್ ಸಂಕಲನ ಬಂತು. ಒಂದು ಕೊಡ ನೀರು ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಹೂ ಕೊಯ್ಯುವಾಗ ಎಲೆ, ಚಿಗುರು ಮುರಿಯಬಾರದು. ಮುರಿದರೆ ಅವಳ ಮೈಯೇ ಊನವಾಗುತ್ತದೆ. ಆಟಕ್ಕೆ ಬಂದವರು ಟೊಂಗೆಗಳನ್ನು ಮುರಿದು ಹೋಗುತ್ತಾರೆ. ಕೇಳುತ್ತಿದ್ದ ಹುಡುಗಿಯರು ಸುಮ್ಮನಾಗಲಿಲ್ಲ, ಸಿಟ್ಟಾದರು. ಗೆಡ್ ತಾನು ಮಾಡಿದ್ದಕ್ಕೆ ತಾನು ಬೆಲೆ ತೆತ್ತ, ಇವಳು ಬೇರೆಯವರು ಮಾಡಿದ್ದಕ್ಕೆ ತೆತ್ತಳು, ಇದು ಯಾವ ನ್ಯಾಯ ಎಂದು ಒಬ್ಬಳು ಕೇಳಿದಳು. ಹದಿಹರೆಯದವರ ಫ್ಯಾಂಟಸಿ ನಮ್ಮಲ್ಲಿ ಇಲ್ಲ ಎಂದು ಕೊರಗುವವರಿಗೆ ನಾನು ಈಗ ಈ ಕಥೆಯನ್ನೇ ಕೊಡುತ್ತೇನೆ. ಇದರ ಪಕ್ಕದಲ್ಲಿ ಇಟ್ಟಾಗ ಹೊರಗಿನಿಂದ ಬಂದ ಪುಸ್ತಕಗಳೂ ಹೆಚ್ಚು ಚೆನ್ನಾಗಿ ಅರ್ಥವಾಗುತ್ತವೆ.

ಟೋಮಿ ಅಡೆಯೆಮಿ ಅವರ ‘ಚಿಲ್ಡ್ರನ್ ಆಫ್ ಬ್ಲಡ್ ಆ್ಯಂಡ್ ಬೋನ್’ 2018ರಲ್ಲಿ ಬಂದದ್ದು. ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ, ಯೊರುಬಾ ದೈವಗಳ ಹಿನ್ನೆಲೆಯಲ್ಲಿ ಕಟ್ಟಿದ ಲೋಕ, ಐನೂರಕ್ಕೂ ಹೆಚ್ಚು ಪುಟ. ರಾಜ ಮಂತ್ರವನ್ನೇ ಅಳಿಸಿಹಾಕಿದ್ದಾನೆ. ಮಂತ್ರದ ವಂಶದವರನ್ನು ಅವರ ಬಿಳಿ ಕೂದಲಿನಿಂದ ಗುರುತಿಸಿ, ಹುಳುಗಳೆಂದು ಹೀಯಾಳಿಸುತ್ತಾರೆ. ಮನೆಯಲ್ಲಿ ಓದಿದಾಗ ನನಗೆ ವೇಗ ಹಿಡಿಸಿತ್ತು, ಓಟ ಮತ್ತು ಬೆನ್ನಟ್ಟುವಿಕೆ ಒಂದಿಷ್ಟು ಉದ್ದವಾಯಿತು ಎನಿಸಿತ್ತು. ಪ್ರೇಮದ ಎಳೆ ಅವಸರದ್ದು ಎಂದೂ ಟಿಪ್ಪಣಿ ಮಾಡಿಕೊಂಡಿದ್ದೆ. ಅದರ ಚರ್ಚೆ ನಡೆದ ಶನಿವಾರ ಹತ್ತನೇ ತರಗತಿಯ ಹುಡುಗನೊಬ್ಬ, ಸಾಮಾನ್ಯವಾಗಿ ಮಾತೇ ಆಡದವನು, ಹೇಳಿದ: “ಅಲ್ಲೆ ಕೂದಲಾ ನೋಡಿ ಗುರ್ತಾ ಹಿಡೀತಾರ್ರಿ. ನಮ್ಮ ಕಡೆ ಅಡ್ಡಹೆಸರು ಕೇಳಿದ್ರ ಸಾಕ್ರಿ.” ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಅವನ ಮಾತು ತಿಳಿಯಿತು. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಕಪ್ಪು ಜನರು ಸಾಯುತ್ತಿದ್ದ ಸುದ್ದಿಗಳ ನಡುವೆ ಈ ಪುಸ್ತಕ ಬರೆದೆನೆಂದು ಲೇಖಕಿ ಕೊನೆಯ ಟಿಪ್ಪಣಿಯಲ್ಲಿ ಹೇಳಿದ್ದಾರೆ. ಆ ಟಿಪ್ಪಣಿಯನ್ನು ಅವನು ಓದಿರಲಿಲ್ಲ, ಓದುವ ಅಗತ್ಯವೂ ಬೀಳಲಿಲ್ಲ. ಅಂದು ನನ್ನ ಸರದಿ ಬಂದಾಗ ಪುಟಗಳ ಉದ್ದದ ಮಾತನ್ನೂ ಹೇಳಿದೆ, ಏಕೆಂದರೆ ಅದು ನನ್ನ ಪ್ರಾಮಾಣಿಕ ಅಭಿಪ್ರಾಯ. ಆದರೆ ಆ ಪುಸ್ತಕದ ಬಗ್ಗೆ ನಮ್ಮ ಕೋಣೆಯಲ್ಲಿ ಹೇಳಬೇಕಾದ ಮುಖ್ಯ ಮಾತನ್ನು ಅವನು ಆಗಲೇ ಹೇಳಿಯಾಗಿತ್ತು. ಅವನ ಚೀಟಿ ನೋಡಿಯೇ ಪುಸ್ತಕ ತೆಗೆದುಕೊಂಡು ಹೋಗುವವರು ಈಗಲೂ ಇದ್ದಾರೆ.

ಏನು ಹೇಳಬಾರದು ಎನ್ನುವುದೂ ಅಷ್ಟೇ ಮುಖ್ಯ. ಅರ್ಥ್‌ಸೀಯ ಗೆಡ್‌ನದು ಕೆಂಪುಗಂದು ಮೈಬಣ್ಣ, ಅವನ ಆಪ್ತ ಗೆಳೆಯ ಕಪ್ಪು, ದಾಳಿಗೆ ಬರುವ ಕಾರ್ಗ್ ಜನ ಬಿಳಿಯರು. ಲೆ ಗ್ವಿನ್ ಇದನ್ನು ಡಂಗುರ ಹೊಡೆಯದೆ ಸುಮ್ಮನೆ ಕಥೆಯ ನಡುವೆ ಸೇರಿಸಿದ್ದಾರೆ. 2004ರಲ್ಲಿ ಅಮೆರಿಕದ ಟಿವಿ ಸರಣಿಯೊಂದು ಗೆಡ್ ಪಾತ್ರವನ್ನು ಬಿಳಿಯ ನಟನಿಗೆ ಕೊಟ್ಟಾಗ ಅವರು ಬಹಿರಂಗವಾಗಿ ಬರೆದು ಪ್ರತಿಭಟಿಸಿದರು. ಈ ಸಂಗತಿಗಳನ್ನೆಲ್ಲ ಪುಸ್ತಕ ಕೊಡುವಾಗ ಹೇಳುವ ಆಸೆ ನನಗೆ ಪ್ರತಿಸಲವೂ ಆಗುತ್ತದೆ. ಹೇಳುವುದಿಲ್ಲ. “ಮೇಡಂ, ಗೆಡ್ ನಮ್ಮ ಬಣ್ಣದವ ಇದ್ದಾನ್ರಿ!” ಎಂದು ಮಗು ತಾನೇ ಕಂಡು ಹೇಳಿದ ಮೇಲೆ ಟಿವಿಯ ಕಥೆ ಹೇಳುತ್ತೇನೆ. ಆಗ ಅವರಿಗೆ ಲೇಖಕಿಯ ಕೋಪ ತಮ್ಮದೇ ಕೋಪವಾಗುತ್ತದೆ.

ನಮ್ಮ ಪುರಾಣಗಳಿಂದ ಹುಟ್ಟಿದ ಪುಸ್ತಕಗಳಿಗೆ ಇಲ್ಲಿ ಬೇರೆಯದೇ ಪರೀಕ್ಷೆ. ರೋಶನಿ ಚೋಕ್ಷಿ ಅವರ ‘ಅರು ಶಾ ಆ್ಯಂಡ್ ದಿ ಎಂಡ್ ಆಫ್ ಟೈಮ್’ನಲ್ಲಿ ಪಾಂಡವರ ಆತ್ಮಗಳು ಈ ಕಾಲದ ಹುಡುಗಿಯರಾಗಿ ಹುಟ್ಟಿವೆ, ಕಥೆ ನಡೆಯುವುದು ಅಟ್ಲಾಂಟಾದಲ್ಲಿ. ಅಮೆರಿಕದ ಓದುಗರಿಗೆಂದು ಬಿಡಿಸಿ ಹೇಳಿದ್ದನ್ನು ನಮ್ಮ ಮಕ್ಕಳು ಹಾರಿಸಿ ಓದುತ್ತಾರೆ. ಹತ್ತನೇ ತರಗತಿಯವರಿಗೆ ಅದು ಚಿಕ್ಕವರ ಪುಸ್ತಕ ಎನಿಸಿತು, ಆರನೇ ತರಗತಿಯ ಹುಡುಗಿಯರು ಅದಕ್ಕಾಗಿ ಜಗಳವಾಡಿದರು. ಎರಡೂ ಕಡೆಯವರ ಚೀಟಿಗಳು ಅದರಲ್ಲಿ ಇವೆ.

ತಂದೆತಾಯಿಯರ ಪ್ರಶ್ನೆಗೂ ಸಿದ್ಧವಿರಬೇಕು. ಹದಿಹರೆಯದವರ ಪುಸ್ತಕವೆಂಬುದು ಪ್ರಕಾಶಕರು ಅಂಟಿಸುವ ಚೀಟಿ, ಅದು ಬದಲಾಗುತ್ತದೆ. ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ 2015ರಲ್ಲಿ ಹದಿಹರೆಯದವರ ಸಾಲಿನಲ್ಲಿ ಬಂದು, 2020ರಲ್ಲಿ ಹೊಸ ರಕ್ಷಾಪುಟದೊಂದಿಗೆ ವಯಸ್ಕರ ಸಾಲಿಗೆ ಹೋಯಿತು. ರಕ್ಷಾಪುಟ ನೋಡಿ ತೀರ್ಮಾನಿಸಲು ಆಗುವುದಿಲ್ಲ, ಓದಲೇಬೇಕು. ಓದಿದ ಮೇಲೆ ಪುಸ್ತಕದಲ್ಲಿ ಏನಿದೆ ಎಂದು ಪಾಲಕರಿಗೆ ನೇರವಾಗಿ ಹೇಳುತ್ತೇನೆ. ಮುಚ್ಚಿಟ್ಟರೆ ಒಂದು ಪುಸ್ತಕ ಉಳಿದೀತು, ಗ್ರಂಥಾಲಯದ ಮೇಲಿನ ನಂಬಿಕೆ ಹೋಗುತ್ತದೆ.

ಈಗ ಮೇಜಿನ ಮೇಲಿರುವುದು ‘ತೆಹಾನು’. ಅರ್ಥ್‌ಸೀಯ ಮೂರನೆಯ ಪುಸ್ತಕ 1972ರಲ್ಲಿ ಬಂದ ಮೇಲೆ ಲೆ ಗ್ವಿನ್ ಹದಿನೆಂಟು ವರ್ಷ ಬಿಟ್ಟು, 1990ರಲ್ಲಿ ಇದನ್ನು ಕೊಟ್ಟರು. ಗೆಡ್ ಶಕ್ತಿಯನ್ನೆಲ್ಲ ಕಳೆದುಕೊಂಡಿದ್ದಾನೆ. ಕಥೆಯ ನಡುವೆ ಇರುವುದು ನಡುವಯಸ್ಸಿನ ಒಬ್ಬ ವಿಧವೆ ಮತ್ತು ದೊಡ್ಡವರು ಹಿಂಸಿಸಿ ಸುಟ್ಟ ಒಂದು ಮಗು. ಮೊದಲ ಮೂರನ್ನೂ ಮುಗಿಸಿದ ಒಂಬತ್ತನೇ ತರಗತಿಯ ಹುಡುಗಿ ನಾಲ್ಕನೆಯದನ್ನು ಕೇಳಿದಾಗ ನಾನು ಅವಳ ತಾಯಿಯನ್ನು ಕರೆಸಿ, ಆ ಮಗುವಿನ ವಿಷಯ ಹೇಳಿದೆ. ತಾಯಿ ಸ್ವಲ್ಪ ಹೊತ್ತು ಯೋಚಿಸಿ, “ಓದ್ಲಿ ಬಿಡ್ರಿ, ನಾನೂ ಕೇಳತೇನಿ” ಎಂದರು. ಮನೆಯಲ್ಲಿ ಮಗಳು ದಿನಾ ರಾತ್ರಿ ತಾಯಿಗೆ ಕಥೆ ಹೇಳಿದ್ದಾಳೆ. ಪುಸ್ತಕ ವಾಪಸು ಬಂದಾಗ ಹಿಂದಿನ ರಟ್ಟಿನಲ್ಲಿ ಎರಡು ಚೀಟಿಗಳಿದ್ದವು. ಗೆಡ್ ಸೋತದ್ದು ಮಗಳಿಗೆ ಸರಿಬಂದಿಲ್ಲ, ಮೊದಲ ಪುಸ್ತಕದ ಗೆಡ್ ಬೇಕು ಎಂದು ಬರೆದಿದ್ದಾಳೆ. ತಾಯಿಯ ಚೀಟಿಯಲ್ಲಿ ಪುಟಸಂಖ್ಯೆ ಇಲ್ಲ. ಮಂತ್ರ ಹೋದ ಮೇಲೆ ಅವನು ಆಡು ಮೇಯಿಸುವುದೇ ತನಗೆ ಹೆಚ್ಚು ಹಿಡಿಸಿತು ಎಂದಿದೆ. ನನ್ನ ಒಲವು ತಾಯಿಯ ಕಡೆಗೆ. ಅದನ್ನು ಬರೆದು ಮೂರನೆಯ ಚೀಟಿಯಾಗಿ ಸೇರಿಸಿದ್ದೇನೆ, ಮುಂದಿನ ಶನಿವಾರ ಇಬ್ಬರನ್ನೂ ಬರಹೇಳಿದ್ದೇನೆ.